ದೊಡ್ಡಿಗೋಡೆಯೊಳಗಿನ ಜಿಂಕೆ

"ಆ ಗೋಡೆ ಮುಟ್ಟಬೇಡ" ಎನ್ನುತ್ತ ಕುಲ್ಜಿರಾ ಬರಿಗಾಲಲ್ಲೇ ಹಿಮಕ್ಕಿಳಿದಳು. ಅಷ್ಟರಲ್ಲಿ ಮೈದುನ ಅಬೆನ್ ಕುರಿದೊಡ್ಡಿಯ ಗೋಡೆಯಿಂದ ಎರಡು ಕಲ್ಲು ಕಿತ್ತು ಗಾಡಿಗೆ ಹಾಕಿಯಾಗಿತ್ತು.

"ಗೋರಿಗೆ ಕಲ್ಲು ಬೇಡ್ವಾ ಅತ್ತಿಗೆ? ಹೊಳೆ ಕಲ್ಲೆಲ್ಲ ಮಂಜುಗಡ್ಡೆ ಕಚ್ಕೊಂಡು ಕೂತಿವೆ. ಅಣ್ಣ ಕಟ್ಟಿದ ಗೋಡೆ, ಅಣ್ಣಂಗೇ ಆಗ್ಲಿ ಬಿಡಿ."

"ಬೇರೆ ಕಡೆಯಿಂದ ತಾ. ನಿನ್ನ ಕಾಲಿಗೆ ಬೀಳ್ತೀನಿ."

ಮೂರನೆಯ ಕಲ್ಲು ಮಗುಚಿಕೊಂಡಿತು. ಒಳಮೈಯಲ್ಲಿ ಜಿಂಕೆಯ ತಲೆ, ಕವಲೊಡೆದ ಕೊಂಬು. ಅದರ ಮುಂಡ ಎಲ್ಲಿದೆಯೆಂದು ಈ ಅಲ್ತಾಯ್ ಕಣಿವೆಯ ಕೂಸಿಗೂ ಗೊತ್ತು: ಹೊಳೆಯ ಮೇಲಿನ ಕರಿಬಂಡೆಯಲ್ಲಿ, ಸಾವಿರಾರು ವರ್ಷದ ಹಿಂದಿನವರು ಕುಟ್ಟಿ ಮೂಡಿಸಿದ ಹಿಂಡಿನ ನಡುವೆ. ಆ ಬಂಡೆಗಳನ್ನು ಮೂವತ್ತು ವರ್ಷ ಕಾದ ಕುಲ್ಜಿರಾಳ ಗಂಡ ಬೆಕೆನ್ ಈಗ ಮನೆಯೊಳಗೆ ಬಿಳಿಬಟ್ಟೆ ಸುತ್ತಿಕೊಂಡು ಮಲಗಿದ್ದ. ಬಂದವರಿಗೆಲ್ಲ ತಲೆಯಿಲ್ಲದ ಜಿಂಕೆ ತೋರಿಸಿ, "ನಮ್ಮವನೇ ಒಬ್ಬ ಒಡೆದ" ಎನ್ನುತ್ತಿದ್ದ.

ಆ 'ನಮ್ಮವನು' ಒರಾಜ್‌ಖಾನ್, ಸಲಿಕೆ ಹಿಡಿದು ಅಲ್ಲೇ ನಿಂತಿದ್ದ. ಎಪ್ಪತ್ತು ದಾಟಿದ್ದರೂ ಗೋರಿ ತೋಡಲು ಎಲ್ಲರಿಗಿಂತ ಮೊದಲು ಬಂದಿದ್ದ. ಕಲ್ಲನ್ನು ನೋಡಿದ, ಸಲಿಕೆಯನ್ನು ಗೋಡೆಗೆ ಒರಗಿಸಿದ.

*

ಮೂವತ್ತೊಂದು ವರ್ಷದ ಹಿಂದೆ, ಮೂರು ದಿನದ ಹಿಮಗಾಳಿಗೆ ದೊಡ್ಡಿಯ ಗೋಡೆ ಕುಸಿದು ಕುರಿಗಳು ನಿಂತಲ್ಲೇ ಸೆಟೆಯುತ್ತಿದ್ದವು. ಸಡಿಲ ಕಲ್ಲೆಲ್ಲ ಹಿಮದಡಿ ಹೂತಿತ್ತು. ಗಾಳಿಗೆ ಬೋಳಾಗಿ ನಿಂತದ್ದು ಕರಿಬಂಡೆಯೊಂದೇ. ಬೆಕೆನ್ ಸುತ್ತಿಗೆ ಹೊಡೆದ, ಕುಲ್ಜಿರಾ ಉಳಿ ಹಿಡಿದಳು. ಕುರಿಗಳು ಬದುಕಿದವು.

ವಸಂತದಲ್ಲಿ ಅಧಿಕಾರಿಗಳು ಬಂದು ಕೇಳಿದಾಗ ಬೆಕೆನ್‌ನ ಬಾಯಿಂದ ಬಂದದ್ದು ಒರಾಜ್‌ಖಾನನ ಹೆಸರು. ಆಗ ಬಂಡೆಗಳ ಕಾವಲಿದ್ದವನು ಅವನೇ. ಅವನ ಕಾವಲು ಹೋಯಿತು, ಚಳಿಗಾಲಕ್ಕೆ ಕುರಿ ಹೊಡೆದುಕೊಂಡು ಹೋಗಿ ನಿಲ್ಲುವ ಬೀಡು ಹೋಯಿತು, ಮಗಳನ್ನು ಕೇಳಿ ಬಂದಿದ್ದವರು ತಿರುಗಿ ಬರಲಿಲ್ಲ. ಆ ಕಾವಲೂ ಬೆಕೆನ್‌ಗೇ ಸಿಕ್ಕಿತು.

"ನಿಜ ಹೇಳಿಬಿಡಿ ಅವರಿಗೆ" ಎಂದು ಕುಲ್ಜಿರಾ ಪ್ರತಿ ಚಳಿಗಾಲ ಅನ್ನುವಳು.

"ಈ ಸಲ ಕುರಿ ಮರಿ ಹಾಕ್ಲಿ, ಹೇಳ್ತೀನಿ."

ಕುರಿಗಳು ವರ್ಷ ತಪ್ಪದೆ ಮರಿ ಹಾಕಿದವು.

*

ಹೆಣವನ್ನು ಅಂಗಳಕ್ಕೆ ತಂದು ಗಂಡಸರು ಸಾಲಾಗಿ ನಿಂತರು. ಹೆಂಗಸರು ಒಳಗೆ. ಮುಲ್ಲಾ ಎಂದಿನಂತೆ ಕೇಳಿದರು: "ಈತ ಎಂಥ ಮನುಷ್ಯ?"

'ಒಳ್ಳೆಯವನು' ಅನ್ನಬೇಕು. ಎಂಥ ಕಳ್ಳನಿಗೂ ಈ ಕಣಿವೆ ಆ ಒಂದು ಮಾತು ತಪ್ಪಿಸಿದ್ದಿಲ್ಲ. ಅದಿಲ್ಲದೆ ಮಣ್ಣಿಗೆ ಹೋದವನಿಗೆ ದೇವರ ಮುಂದೆ ಸಾಕ್ಷಿಯಿಲ್ಲ ಎಂದೇ ಕುಲ್ಜಿರಾ ಕೇಳಿ ಬೆಳೆದಿದ್ದಳು.

ಗೋಡೆಯಲ್ಲಿ ಸಿಕ್ಕ ಕಲ್ಲಿನ ಸುದ್ದಿ ಆಗಲೇ ಎಲ್ಲರಿಗೂ ಮುಟ್ಟಿತ್ತು. ಎಲ್ಲರ ಕಣ್ಣೂ ಒರಾಜ್‌ಖಾನನ ಮೇಲೆ. ಮುಲ್ಲಾ ಎರಡನೆಯ ಸಲ ಕೇಳಿದರು.

"ಹಿರಿಯರು ನೀವು, ಒಂದ್ಮಾತು ಅಂದ್ಬಿಡಿ" ಎಂದ ಅಬೆನ್. "ಆ ಕಲ್ಲು ಯಾರಿಟ್ರೋ ಯಾರಿಗ್ಗೊತ್ತು."

"ಗೊತ್ತಿರೋಳು ಒಳಗಿದಾಳೆ. ಒಡೆದೋನು ನಾನಲ್ಲ ಅಂತ ಅವಳು ಹೇಳ್ಲಿ. ಆಮೇಲೆ ನೀವು ಹೇಳಿಸಿದ್ದು ಹೇಳ್ತೀನಿ."

ಕುಲ್ಜಿರಾ ಬಾಗಿಲಿಗೆ ಬಂದಳು. "ಒಡೆದದ್ದು ನಾವು. ಹೊಡೆದೋರು ಅವರು, ಉಳಿ ಹಿಡಿದೋಳು ನಾನು. ನಿಮ್ಮ ತಪ್ಪೇನಿಲ್ಲ ಅಣ್ಣ. ಈಗ ಹೇಳಿ."

ಒರಾಜ್‌ಖಾನ್ ಬಾಯಿ ತೆರೆದ. ಕೊಟ್ಟ ಮಾತು ಉಳಿಸಿಕೊಳ್ಳಬೇಕೆಂದು ಅವನಿಗೆ ನಿಜಕ್ಕೂ ಇತ್ತು. ಬರೀ ಉಸಿರಿನ ಹೊಗೆ ಹೊರಬಂತು. ಮುಲ್ಲಾ ಮೂರನೆಯ ಸಲ ಕೇಳಿ, ಕಾದು, ತಲೆ ತಗ್ಗಿಸಿ ನಮಾಜು ಶುರುಮಾಡಿದರು.

ಗಂಡಸರು ಹೆಣ ಹೊತ್ತು ಹೋದಮೇಲೆ ಹಿಮ ಬೀಳತೊಡಗಿತು. ಗೋಡೆಯ ಬುಡದಲ್ಲಿ ಬಿಟ್ಟುಹೋದ ಕಲ್ಲಿನ ಕರಿಮೈ ಮೇಲೆ ಬಿದ್ದದ್ದನ್ನೆಲ್ಲ ಗಾಳಿ ಗುಡಿಸಿತು, ಕುಟ್ಟಿದ ಗೆರೆಗಳಲ್ಲಿ ಮಾತ್ರ ಹಿಮ ನಿಂತಿತು. ಮೊದಲು ಕೊಂಬು, ಆಮೇಲೆ ಕಿವಿ, ಕಣ್ಣು. ಕುಲ್ಜಿರಾ ಕಿಟಕಿಯ ಪರದೆ ಎಳೆದಳು, ಮತ್ತೆ ಸರಿಸಿದಳು. ಜಿಂಕೆಯ ತಲೆ ಬೆಳ್ಳಗೆ ಮನೆಯತ್ತ ನೋಡುತ್ತಿತ್ತು.