ಎಂಟನೆಯ ತಿಂಗಳಲ್ಲಿ ದಾಟಿದ ಹೊಳೆ

ಹುಬ್ಬಳ್ಳಿಯ ಕೇಶ್ವಾಪುರದ ಆ ಮನೆಯಲ್ಲಿ ಬೆಳಗಿನ ಚಹಾ ತಣ್ಣಗಾದರೂ ಯಾರೂ ಮುಟ್ಟಿರಲಿಲ್ಲ. ಟಿವಿಯಲ್ಲಿ ಚಂಡಮಾರುತದ ಬಿಳಿ ಸುಳಿ ಗರಗರ ತಿರುಗುತ್ತ ಕಾರವಾರದ ಕಡೆಗೆ ಸರಿಯುತ್ತಿತ್ತು. ದಂಡೆಯ ಊರುಗಳನ್ನೆಲ್ಲ ಸಂಜೆಯೊಳಗೆ ಖಾಲಿ ಮಾಡಬೇಕೆಂದು ಸಾರಿದ್ದರು. ಹೊಳೆ ಸಮುದ್ರ ಸೇರುವಲ್ಲಿ, ಸೇತುವೆ ದಾಟದೆ ಹೊರಬರಲಾಗದ ಅಂಥದೇ ಒಂದು ಊರಿನಲ್ಲಿ ಶಿವಲಿಂಗವ್ವನ ಮಗಳು ಸೌಂದರ್ಯಾ ಇದ್ದಳು, ಎಂಟು ತಿಂಗಳ ಬಸುರಿ. ಅಳಿಯ ಕುಮಾರಸ್ವಾಮಿ ವಿದ್ಯುತ್ ಇಲಾಖೆಯವನು. ಇಂಥ ಹೊತ್ತಿನಲ್ಲಿ ಅವನಿಗೆ ರಜೆಯೆಲ್ಲಿ?

ಶಿವಲಿಂಗವ್ವ ಹುರುಪಿನಿಂದ ಮಗಳ ಕೋಣೆ ಗುಡಿಸತೊಡಗಿದಳು. "ಸರಕಾರದವರು ಬಸ್ಸು ಬಿಟ್ಟಾರಂತ್ರಿ. ರಾತ್ರಿ ಊಟಕ್ಕ ಇಲ್ಲಿರ್ತಾಳ."

"ಯಾರು ಇರ್ತಾಳ?" ಅತ್ತೆ ಸಾವಂತ್ರೆವ್ವ ಮಂಚದ ಮೇಲಿಂದಲೇ ಕೇಳಿದಳು. "ಎಂಟನೇ ತಿಂಗಳದಾಗ ಹೊಳಿ ದಾಟಬಾರದು. ಹೊಳಿ ಕೂಸನ್ನ ಕೇಳತೈತಿ. ಮುಂಜಾನೆನ ಫೋನ್ ಹಚ್ಚಿ ಹೇಳೇನಿ, ಬಾಗಿಲಾ ಹಾಕ್ಕೊಂಡು ಶಿವನಾಮ ಹೇಳಕೋಂತ ಕೂಡು ಅಂತ."

"ಅತ್ತೀ! ಸಮುದ್ರ ಮನ್ಯಾಗ ನುಗ್ಗತೈತ್ರಿ!"

"ಹೊಳಿ ಸುದ್ದಿ ನಾ ನಿನಗ ಹೇಳಬೇಕೇನು? ಮರತಿಯೇನು?"

ಶಿವಲಿಂಗವ್ವನ ಕೈಯ ಕಸಬರಿಗೆ ಅಲ್ಲೇ ನಿಂತಿತು. ಅತ್ತೆ ಆಗಾಗ ಎತ್ತುತ್ತಿದ್ದ ಮಾತದು. ಮಲಪ್ರಭೆಯ ದಂಡೆಯ ಹಳ್ಳಿಯಲ್ಲಿದ್ದ ಕಾಲ. ಚೊಚ್ಚಲ ಬಸುರಿನ ಎಂಟನೆಯ ತಿಂಗಳಲ್ಲಿ, ಹಾಸಿಗೆ ಹಿಡಿದ ಅಪ್ಪನನ್ನು ನೋಡಲು ಹೊಳೆ ದಾಟಿ ಹೋಗಿಬಂದಿದ್ದಳು. ಕೂಸು ಹೊಟ್ಟೆಯಲ್ಲೇ ಸತ್ತಿತು. ಅಂದಿನಿಂದ ಮಂದಿಯ ಬಾಯಲ್ಲಿ ಅವಳು 'ಹೊಳೆಗೆ ಕೂಸು ಕೊಟ್ಟು ಬಂದವಳು'. ಸೌಂದರ್ಯಾ ಹುಟ್ಟಿದರೂ, ಗಂಡ ದ್ಯಾಮಣ್ಣ ಹುಬ್ಬಳ್ಳಿಗೆ ಬಂದು ಅರಳೆ ವ್ಯಾಪಾರದಲ್ಲಿ ನೆಲೆ ನಿಂತರೂ ಆ ಹೆಸರು ಅಳಿಯಲಿಲ್ಲ. ಬಸುರಿಯರ ಕುಬಸದ ಕಾರ್ಯದಲ್ಲಿ ಅವಳ ಕೈಗೆ ಯಾರೂ ಆರತಿ ಕೊಡುತ್ತಿರಲಿಲ್ಲ. ಕೇಳಿ ಕೇಳಿ, ತನ್ನ ಕೂಸನ್ನು ತಾನೇ ಕೊಂದೆನೆಂದು ಅವಳೂ ನಂಬಿಬಿಟ್ಟಿದ್ದಳು.

ಫೋನು ಹೊಡೆದುಕೊಂಡಿತು. ಸೌಂದರ್ಯಾಳ ನಂಬರು, ದನಿ ಬೇರೆಯವರದು.

"ಅಮ್ಮಾ, ನಾನು ಶಾಹೀನ, ಈ ಊರಿನ ನರ್ಸು. ಬೆಳಗಿಂದ ಕೂಗಿ ಕೂಗಿ ಗಂಟಲು ಹೋಗಿದೆ. ಒಬ್ಬರು ದೋಣಿ ಬಿಟ್ಟು ಬರೋದಿಲ್ಲ, ಒಬ್ಬರು ಎಮ್ಮೆ ಬಿಟ್ಟು ಬರೋದಿಲ್ಲ. ಒಬ್ಬ ಅಜ್ಜ, ಹೋದ ಸಲ ಏನೂ ಆಗಲಿಲ್ಲವಲ್ಲ ಅಂತ ಹೊದ್ದು ಮಲಗಿಬಿಟ್ಟಿದ್ದ. ಅವನನ್ನೂ ಎಬ್ಬಿಸಿ ತಂದೆವು. ಈಗ ನಿಮ್ಮ ಮಗಳು ಬಸ್ಸಿನ ಬಾಗಿಲಲ್ಲಿ ನಿಂತು, ಹೊಳೆ ದಾಟೋದಿಲ್ಲ ಅಂತಿದ್ದಾಳೆ. ಅವಳ ಮಾತು ಕೇಳಿ ಇನ್ನಿಬ್ಬರು ಬಸುರಿಯರೂ ಕೆಳಗಿಳಿದರು. ಇದೇ ಕೊನೇ ಬಸ್ಸು. ಗಾಳಿ ಜೋರಾದರೆ ಸೇತುವೆ ಮುಚ್ಚುತ್ತಾರೆ!"

ಆಮೇಲೆ ಮಗಳ ಅಳುದನಿ. "ಅವ್ವಾ, ಅಜ್ಜಿ ಹಂಗಂದಾಳ. ನಿನಗೂ ಹಂಗ ಆಗಿತ್ತಲ್ಲ? ನೀ ಹೇಳು. ನೀ ಹೇಳಿದಂಗ ಮಾಡತೇನಿ."

"ಫೋನ್ ಇತ್ತ ತಾ," ಎಂದು ಸಾವಂತ್ರೆವ್ವ ಕೈ ಚಾಚಿದಳು.

"ಹಿರೇರು ಹೇಳತಾರಂದ್ರ ಏನರ ಇರತೈತಿ..." ದ್ಯಾಮಣ್ಣ ಗೊಣಗಿದ.

ಫೋನಿನೊಳಗೆ ಗಾಳಿ ಊಳಿಡುತ್ತಿತ್ತು. ಅದನ್ನು ಕೇಳುತ್ತ ನಿಂತ ಶಿವಲಿಂಗವ್ವನಿಗೆ, ಎಂದೋ ನುಂಗಿಕೊಂಡಿದ್ದ ಮಾತೊಂದು ಗಂಟಲಿಗೆ ಬಂತು. ಅಪ್ಪನನ್ನು ನೋಡಿ ಬಂದ ಮೇಲೆ ಅವಳ ಕಾಲು ಬಾತಿದ್ದವು, ಕಣ್ಣು ಮಂಜಾಗಿದ್ದವು. ದವಾಖಾನೆ ಹೊಳೆಯ ಆಚೆ. "ಒಮ್ಮೆ ದಾಟಿದ್ದು ಸಾಲದೇನು?" ಎಂದು ಇದೇ ಅತ್ತೆ ಬಾಗಿಲಿಗೆ ಅಡ್ಡ ಕೂತಿದ್ದಳು. ಎಚ್ಚರ ತಪ್ಪಿದ ಮೇಲಷ್ಟೇ ಹೊತ್ತೊಯ್ದರು. "ಬಿ.ಪಿ. ಏರೇತಿ, ಲಗೂನ ತಂದಿದ್ರ ಕೂಸು ಉಳೀತಿತ್ತು," ಎಂದಿದ್ದಳು ಡಾಕ್ಟರಬಾಯಿ. ಆ ಮಾತನ್ನು ಮನೆಯಲ್ಲಿ ಯಾರೂ ಮತ್ತೆ ಎತ್ತಲಿಲ್ಲ. ಅವಳೂ ಎತ್ತಲಿಲ್ಲ.

"ಶಾಹೀನಾ, ಸ್ಪೀಕರ್ ಹಚ್ಚವಾ! ಆ ಇಬ್ಬರಿಗೂ ಕೇಳಲಿ!" ಓಣಿಗೆಲ್ಲ ಕೇಳುವಂತೆ ಶಿವಲಿಂಗವ್ವ ಕೂಗಿದಳು. "ನನ್ನ ಕೂಸು ಹೊಳಿ ದಾಟಿದ್ದಕ್ಕ ಸಾಯಲಿಲ್ಲ. ಮತ್ತ ದಾಟಾಕ ಬಿಡಲಿಲ್ಲ, ಅದಕ್ಕ ಸತ್ತಿತು! ದವಾಖಾನಿ ಆಚಿ ದಂಡಿಗಿತ್ತು, ನಾ ಈಚಿ ದಂಡಿಗೆ ಬಿದ್ದಿದ್ದೆ. ಹೊಳಿ ಯಾರ ಕೂಸನ್ನೂ ಕೇಳಂಗಿಲ್ಲ. ಹತ್ತು, ಸೌಂದರ್ಯಾ! ಆ ಇಬ್ಬರ ಕೈ ಹಿಡಕೊಂಡು ಹತ್ತು!"

ಗಾಳಿಯ ನಡುವೆ ಮೆಟ್ಟಿಲ ಸಪ್ಪಳ. ಆಮೇಲೆ ಶಾಹೀನಳ ಕೂಗು: "ಹತ್ತಿದರು! ಮೂವರೂ ಹತ್ತಿದರು! ರೈಟ್, ರೈಟ್!"

ಸಾವಂತ್ರೆವ್ವನ ಮುಖ ಕಪ್ಪಿಟ್ಟಿತ್ತು. "ಆಕಿನ್ನ ಈ ಮನಿ ಹೊಸ್ತಿಲಾ ತುಳಿಯಾಕ ಬಿಡಂಗಿಲ್ಲ ನಾ."

"ಬಿಡಬ್ಯಾಡ್ರಿ. ನಾನೂ ಆಕಿ ಜೋಡಿ ಹೊರಗ ಇರ್ತೇನಿ. ಬಸ್‌ಸ್ಟ್ಯಾಂಡಿನ್ಯಾಗ ಬಾಣಂತನ ಮಾಡತೇನಿ. ಯಾಕ ಅಂತ ಮಂದಿ ಕೇಳಿದ್ರ, ಎಲ್ಲಾ ಹೇಳತೇನಿ."

ದ್ಯಾಮಣ್ಣ ತಾಯಿಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. "ಯಲ್ಲಾಪುರ ಮಟಾ ಅಷ್ಟ ಬಸ್ಸು ಬರೂದು. ಅಲ್ಲಿಂದ ನಾ ಕರಕೊಂಡು ಬರತೇನಿ," ಎಂದು ಮೆಲ್ಲಗೆ ಹೇಳಿ ಕಾರು ತೆಗೆಯಲು ಹೋದ.

ಮತ್ತೆ ಫೋನು. "ಅವ್ವಾ, ಸೇತುವಿ ನಟ್ಟನಡುವ ನಿಂತೇವಿ. ಮುಂದ ಗಾಡಿ, ಹಿಂದ ಗಾಡಿ, ಊರಿಗೆ ಊರ ಹೊಂಟೈತಿ. ಕೆಳಗ ಹೊಳಿ ಕುದಿಯಾಕತ್ತೈತಿ."

ಶಿವಲಿಂಗವ್ವ ಫೋನನ್ನು ಎರಡೂ ಕೈಯಲ್ಲಿ ಹಿಡಿದಳು. ಅಷ್ಟು ವರ್ಷದ ಅಂಜಿಕೆ ಒಂದು ಕೂಗಿಗೆ ಬಿಟ್ಟು ಹೋಗುವಂಥದ್ದಲ್ಲ. "ಕೂಸು?"

"ಒದಿಯಾಕತ್ತೈತಿ! ಡ್ರೈವರಗಿಂತ ಇದಕ್ಕ ಅವಸರಾಗೇತಿ!" ಅಳುತ್ತಲೇ ಮಗಳು ನಕ್ಕಳು, ಪಕ್ಕದಲ್ಲಿ ಇನ್ನಿಬ್ಬರೂ ನಕ್ಕರು. "ಹಾಂ, ಸರದ್ವು... ಸರದ್ವು... ದಾಟಿದ್ವಿ ಅವ್ವಾ!"

ಗೋಡೆಯ ಕಡೆ ತಿರುಗಿ ಮಲಗಿದ್ದ ಸಾವಂತ್ರೆವ್ವ ಇತ್ತ ಹೊರಳಿದಳು. ಫೋನಿನ ಕಡೆ ನೋಡುತ್ತ ಕೇಳಿದಳು: "ಯಾವ ಮಗ್ಗಲಾಗ ಒದಿಯಾಕತ್ತೈತಂತ?"

"ನೀವ ಕೇಳ್ರಿ. ಬ್ಯಾರೆ ಏನೂ ಹೇಳಬ್ಯಾಡ್ರಿ," ಎಂದು ಶಿವಲಿಂಗವ್ವ ಫೋನನ್ನು ಅತ್ತೆಯ ಕಿವಿಗೆ ಹಿಡಿದಳು, ಕೈಗೆ ಕೊಡಲಿಲ್ಲ.