ಹತ್ತಕ್ಕೆ ಬಿಟ್ಟು ಎರಡಕ್ಕೆ

"...ಟಿಕೆಟ್ಟೇ ತೆಗೆಸಿಬಿಟ್ಟಿದಾಳೆ ಕಣೇ ನಿಮ್ ದೊಡ್ಡಮ್ಮ! ವಿಮಾನ ಅಂದ್ರೆ ಕಿವಿ ಮುಚ್ಕೋತಿದ್ದವಳು!" ಮಗಳು ಚಪ್ಪಲಿ ಬಿಡುವ ಮೊದಲೇ ಅಮ್ಮ ಸುದ್ದಿ ಬಿಟ್ಟಳು.

ಪಟಪಟಿ ಮಂಚದ ಮೇಲೆ ಎಗರಿ ಕೂತಳು. ಬಾಯಿಗೆ ಬೀಗವಿಲ್ಲದ ಈ ಕಾಲೇಜು ಹುಡುಗಿಯನ್ನು ಮನೆಯಲ್ಲಿ ಕರೆಯುವುದೇ ಹಾಗೆ. "ಚಿಕ್ಕಮ್ಮನ ಊರಿಗಾ? ಸುಳ್ಳು!"

"ನೀನೇ ಅಂದ್ಯಂತಲ್ಲ, ನಾಲ್ಕೇ ಗಂಟೆ ಅಂತ. ಇಲ್ದಿದ್ರೆ ಆ ಕಾಲಿಟ್ಕೊಂಡು ಹೊರಡ್ತಾಳಾ?"

ದೊಡ್ಡಮ್ಮನದು ಕೂದಲು ಕತ್ತರಿಸುವ ಅಂಗಡಿ. ದಿನವಿಡೀ ನಿಂತೇ ಕೆಲಸ. ಹೋದ ವರ್ಷ ಕಾಲಲ್ಲಿ ರಕ್ತ ಹೆಪ್ಪುಗಟ್ಟಿದಾಗ, ಐದು ಗಂಟೆಗಿಂತ ಹೆಚ್ಚು ಕೂತಲ್ಲೇ ಕೂರಬೇಡಿ ಎಂದು ಡಾಕ್ಟರು ಗದರಿದ್ದರು. ಪರದೇಶ ಸೇರಿದ ತಂಗಿಯನ್ನು ಕಣ್ಣಾರೆ ನೋಡಿ ಯಾವ ಕಾಲವಾಯಿತೋ. ಮೊನ್ನೆ ಪಟಪಟಿ ಮೊಬೈಲು ಚಾಚಿ, "ನೋಡು, ಬೆಳಗ್ಗೆ ಹತ್ತಕ್ಕೆ ಬಿಡತ್ತೆ, ಮಧ್ಯಾಹ್ನ ಎರಡಕ್ಕೆ ಇಳಿಯತ್ತೆ. ಎರಡು ಸಿನಿಮಾ ಮುಗಿಯೋಷ್ಟ್ರಲ್ಲಿ ತಂಗಿ ಮನೆ!" ಎಂದು ಹುಬ್ಬು ಹಾರಿಸಿದ್ದಳು.

ಈಗ ವಿಮಾನಕ್ಕೆ ಹೆದರುವ ದೊಡ್ಡಮ್ಮನನ್ನು ಇನ್ನಷ್ಟು ಹೆದರಿಸಿ ನಗೋಣವೆಂದು ಎರಡು ನಿಲ್ದಾಣಗಳ ನಡುವಿನ ದೂರ ಹುಡುಕಿದಳು. ಹನ್ನೆರಡು ಸಾವಿರ ಕಿಲೋಮೀಟರು. ನಾಲ್ಕು ಗಂಟೆಯಲ್ಲಿ? ಪಿಸ್ತೂಲಿನ ಗುಂಡಿಗೂ ಅಷ್ಟು ಅವಸರವಿರಲಿಕ್ಕಿಲ್ಲ. ಹೊರಡುವ, ಇಳಿಯುವ ಹೊತ್ತನ್ನು ಮತ್ತೆ ನೋಡಿದಳು. ಹತ್ತು ಇಲ್ಲಿನ ಗಡಿಯಾರದ್ದು, ಎರಡು ಅಲ್ಲಿನದು; ಅಲ್ಲಿನದು ಹತ್ತು ಗಂಟೆಯಷ್ಟು ಹಿಂದೆ. ನಡುವೆ ಹತ್ತಿರಹತ್ತಿರ ಹದಿನಾಲ್ಕು ಗಂಟೆ ಹಾರಾಟ.

ದೊಡ್ಡಮ್ಮನ ಅಂಗಡಿಗೆ ಓಡಿದಳು. ಒದ್ದೆ ಕೂದಲಿನ ಗಿರಾಕಿಯೊಬ್ಬಳು ಕನ್ನಡಿಯಲ್ಲಿ ನಕ್ಕಳು.

"ಬಂದ್ಳು ನೋಡಿ ನಮ್ ಪೈಲಟ್ಟು! ಲೆಕ್ಕ ಹೇಳಿದವಳು ಇವಳೇ," ಎಂದು ದೊಡ್ಡಮ್ಮ ಬಾಚಣಿಗೆ ಆಡಿಸಿದಳು. "ಕೇಳೇ ಇಲ್ಲಿ. ನಿನ್ನೆ ಬಾಗಿಲು ಹಾಕಿ, ಇದೇ ಕುರ್ಚೀಲಿ ನಾಲ್ಕು ಗಂಟೆ ಗೊಂಬೆ ಹಾಗೆ ಕೂತು ನೋಡ್ದೆ. ಕಾಲು ಒಂದಿಷ್ಟೂ ಊದ್ಲಿಲ್ಲ!"

ಪಟಪಟಿಗೆ ಆ ಕುರ್ಚಿಯ ಕಡೆ ನೋಡಲಾಗಲಿಲ್ಲ. ಕನ್ನಡಿಯ ಕಡೆಯೂ. ನೆಲದ ಮೇಲೆ ಬಿದ್ದ ಕೂದಲು ನೋಡುತ್ತಲೇ ಹೇಳಿದಳು: "ನಾಲ್ಕಲ್ಲ ದೊಡ್ಡಮ್ಮ. ಹದಿನಾಲ್ಕು."

ಕತ್ತರಿಯ ಸದ್ದು ನಿಂತಿತು.

"ಕಾಗೆ ಹಾರಿಸಿದ್ಯಾ ನಂಗೆ?"

"ಇಲ್ಲ! ಸುಳ್ಳು ಹೇಳ್ಲಿಲ್ಲ. ಅವರ ಗಂಟೆ ಬೇರೆ, ನಮ್ದು ಬೇರೆ... ಗೊತ್ತಿಲ್ದೆ ಒಂದೇ ಅಂತ ಲೆಕ್ಕ ಹಾಕ್ಬಿಟ್ಟೆ."

"ಕಾಗೇನೇ ಹಾರ್ಸಿದ್ರೆ ವಾಸಿಯಿತ್ತು. ಸುಳ್ಳಂತ ಗೊತ್ತಾಗಿ ಸುಮ್ನಿರ್ತಿದ್ದೆ."

ಬೈದಿದ್ದರೆ ಚೆನ್ನಾಗಿತ್ತು. ದೊಡ್ಡಮ್ಮ ಬೈಯಲಿಲ್ಲ. ಬಗ್ಗಿ, ಮೊಣಕಾಲಿನ ಹಿಂದೆ ಮೆಲ್ಲಗೆ ಒತ್ತಿಕೊಂಡಳು, ಅದಕ್ಕೂ ಸುದ್ದಿ ಮುಟ್ಟಿಸುವವಳಂತೆ. ಗಿರಾಕಿ ಟವೆಲ್ಲಿನ ಅಂಚನ್ನು ಮಡಚತೊಡಗಿದಳು.

"ತಂಗಿಗೆ ಬರ್ತೀನಂತ ಹೇಳಾಗಿದೆ," ಎಂದಳು ದೊಡ್ಡಮ್ಮ. "ನಡುನಡುವೆ ಎದ್ದು ಓಡಾಡಿದ್ರೆ ಆಗತ್ತಾ ಅಂತ ಡಾಕ್ಟರನ್ನೇ ಕೇಳ್ಬೇಕು."

"ನಾನೂ ಬರ್ಲಾ?"

"ಬರ್ಲಾ ಅಂತೆ! ನಾಳೆ ಒಂಬತ್ತಕ್ಕೆ ಆಸ್ಪತ್ರೆ ಬಾಗಿಲಲ್ಲಿ ನಿಂತಿರು. ನಾಲ್ಕು ಹೇಗೆ ಹದಿನಾಲ್ಕಾಯ್ತು ಅಂತ ಅವರಿಗೆ ನೀನೇ ಹೇಳು." ಕತ್ತರಿ ಮತ್ತೆ ಆಡಿತು. "ಒಂಬತ್ತು ಅಂದ್ರೆ ನಮ್ಮೂರಿನ ಒಂಬತ್ತು."