ಅಜ್ಜಿಯ ಬುಟ್ಟಿಯಲ್ಲಿ ಫೋನು

ಅರಬ್ಬರ ಕೊಲ್ಲಿನಾಡಿನ ಸೆಗಯಾ ಬಡಾವಣೆಯ ಇಕ್ಕಟ್ಟು ಕಟ್ಟಡಗಳ ಮೇಲೆ ಅಪರಾಹ್ನದ ಬಿಸಿಲು ಕಾಸಿದ ಹಿತ್ತಾಳೆಯಂತೆ ಹೊಳೆಯುತ್ತಿತ್ತು. ಮರುಭೂಮಿಯ ಗಾಳಿ ಹೊತ್ತು ತಂದ ಧೂಳು ಆಕಾಶವನ್ನೂ ದೂರದ ಕಡಲನ್ನೂ ಒಂದೇ ಮಂಕುಬಣ್ಣದಲ್ಲಿ ಅದ್ದಿಟ್ಟಿತ್ತು... ಸಹೃದಯರೇ, ಇಂಥ ಹೊತ್ತಿನಲ್ಲಿ ಮತ್ತೊಂದು ನೀರನ್ನು ನೆನೆಯುವವರ ಎದೆಗೆ ನೆರಳೆಲ್ಲಿ!

ನರ್ಸ್ ಸ್ವೀಡಲ್‌ಳ ಜೀವವೆಲ್ಲ ಆಫ್ರಿಕದ ಟ್ಯಾಂಗನೀಕಾ ಸರೋವರದಲ್ಲಿತ್ತು. ಜನವರಿಯಲ್ಲಿ ಅವಳನ್ನು ವರಿಸಬೇಕಾದ ಡ್ಯಾರೆನ್ ಅಲ್ಲಿಯ ಬೆಸ್ತರೊಡನೆ ಕೆಲಸಕ್ಕಿದ್ದ. ಮೀನು ಮರಿಮಾಡುವ ದಡದಂಚಿನಲ್ಲಿ ಬಲೆ ಬೀಸದಂತೆ ಊರವರೇ ತಡೆದು, ಊರವರೇ ದೋಣಿಯಲ್ಲಿ ಕಾವಲಿದ್ದರು. ಕಳೆದ ವಾರ ಕಳ್ಳಬಲೆಯವರು ಒಂದು ಕಾವಲುದೋಣಿಯನ್ನು ಮಗುಚಿದ್ದರು. ಇಂದು ಬೆಳಿಗ್ಗೆ ಡ್ಯಾರೆನ್ ಕಾವಲಿಗೆಂದು ಅದೇ ನೀರಿಗೆ ಇಳಿದಿದ್ದ, ಹನ್ನೆರಡಕ್ಕೆ ಮರಳುವೆನೆಂದಿದ್ದ. ಈಗ ಮೂರು!

"ಅನ್ನ ಉಣ್ಣು ಮಾರಾಯ್ತಿ. ನೀನು ಉಪವಾಸ ಕೂತ್ರೆ ದೋಣಿ ಬೇಗ ಬರ್ತದಾ?" ಕೋಣೆಯ ಗೆಳತಿ ರೋಸಲಿನ್ ಗದರಿದಳು.

"ಗಂಟಲಲ್ಲಿ ಇಳಿಯುದಿಲ್ಲ. ಹನ್ನೊಂದು ಸಲ ಫೋನ್ ಮಾಡಿದೆ. ರಿಂಗ್ ಆಗ್ತದೆ, ಎತ್ತುದಿಲ್ಲ."

ಹನ್ನೆರಡನೆಯ ಕರೆಗೆ ಉತ್ತರ ಬಂತು... ಆದರೆ ಮುದುಕಿಯೊಬ್ಬಳ ದನಿ! ಅರಿಯದ ಆ ಸ್ವಾಹಿಲಿಯ ಹೊನಲಿನಲ್ಲಿ ಒಂದು ಶಬ್ದ ಮಾತ್ರ ವಾರ್ಡಿನ ಅರಬ್ಬಿಯಂತೆ ಕೇಳಿಸಿತು: ಸಲಾಮಾ, ಕ್ಷೇಮ.

"ಡ್ಯಾರೆನ್ ಸಲಾಮಾ?"

"ಸಲಾಮಾ, ಸಲಾಮಾ!"

ಒಳಗೆ ಏನೇ ಆಗಿದ್ದರೂ ಐಸಿಯು ಬಾಗಿಲಲ್ಲಿ ನಿಂತ ಬಂಧುಗಳಿಗೆ ತಾನೂ ಹೀಗೆಯೇ ಹೇಳುತ್ತೇನಲ್ಲವೇ... ಎಂಬ ಯೋಚನೆ ಚೂರಿಯಂತೆ ಹೊಕ್ಕಿತು. ಅಷ್ಟರಲ್ಲಿ ಎಂಜಿನ್ನಿನ ಸದ್ದು, ನಗು, ಆಮೇಲೆ ಅವನ ದನಿ!

"ಸ್ವೀಡಲ್? ಗಾಳಿ ಎದ್ದಿತು, ಬೇರೆ ದಡದಲ್ಲಿ ನಿಂತೆವು."

"ನಿನ್ನ ಫೋನ್ ಅವರ ಕೈಯಲ್ಲಿ ಎಂತಕ್ಕೆ?"

"ಕಾವಲಿಗೆ ಹೋಗುವವರೆಲ್ಲ ಫೋನನ್ನು ಈ ಅಜ್ಜಿಯ ಬುಟ್ಟಿಗೆ ಹಾಕ್ಬೇಕು. ಇಲ್ಲದಿದ್ರೆ ನಮ್ಮಲ್ಲೇ ಯಾರಾದ್ರೂ ಕಳ್ಳರಿಗೆ ಸುದ್ದಿ ಕೊಡ್ತಾರೆ. ದೋಣಿ ಕಣ್ಣಿಗೆ ಬೀಳುವವರೆಗೆ ಅಜ್ಜಿ ಒಂದನ್ನೂ ಮುಟ್ಟುದಿಲ್ಲ. ಹೇಳಿದ್ರೆ ನೀನು ಹೆದರ್ತಿ ಅಂತ..."

"ಹೇಳದೆ ಕೊಂದಿ ನನ್ನನ್ನು! ನಾಳೆ?"

"ನಾಳೆಯೂ ನಮ್ಮದೇ ಪಾಳಿ."

ಬಿಡು, ಬಂದುಬಿಡು ಎಂಬ ಮಾತು ನಾಲಗೆಯ ತುದಿಗೆ ಬಂತು. ಸ್ವೀಡಲ್ ಅದನ್ನು ನುಂಗಿದಳು. "ಬುಟ್ಟಿಗೆ ಹಾಕುವ ಮೊದಲು ನನಗೊಂದು ಮಾತು ಹೇಳು."

ರೋಸಲಿನ್ ತಟ್ಟೆಯನ್ನು ಮುಂದಕ್ಕೆ ತಳ್ಳಿದಳು. ಆ ಸರೋವರದ ತಾಯಿಮೀನೊಂದರ ಬಗ್ಗೆ ಅವನು ಹೇಳಿದ್ದು ಸ್ವೀಡಲ್‌ಗೆ ನೆನಪಾಯಿತು: ಮರಿಗಳನ್ನು ಬಾಯಲ್ಲೇ ಇಟ್ಟು ಕಾಯುತ್ತದೆ, ಅಷ್ಟು ದಿನ ಏನನ್ನೂ ತಿನ್ನುವುದಿಲ್ಲ, ಬಲಿತ ಮೇಲೆ ಅವನ್ನು ನೀರಿಗೆ ಬಿಡುತ್ತದೆ. ಆರಿದ ಅನ್ನದ ಒಂದು ತುತ್ತನ್ನು ಅವಳು ಬಾಯಿಗಿಟ್ಟಳು... ಒಲಿದವರು ತುಟಿ ಬಿಗಿದು ಎಷ್ಟೇ ಕಾದರೂ, ಒಂದು ಗಳಿಗೆಯಲ್ಲಿ ಬಾಯ್ತೆರೆದು ತಮ್ಮ ಜೀವವನ್ನು ನೀರಿಗೆ ಬಿಡಲೇಬೇಕು, ಆ ನೀರು ನಾಳೆ ಹೇಗಿರುವುದೋ ಅರಿಯದೆಯೇ!